ಸಮುದ್ರದಾಳದ ವಿಹಾರವೂ ಪೂರ್ವಸಿದ್ಧತೆಯೂ

ರಾಜಧಾನಿಯಲ್ಲಿ ನೆಲೆಸಿರುವ ಕನ್ನಡಿಗರ ರಜೆಯ ಸ್ವರೂಪವು ಒಂದು ತಲೆಮಾರಿನ ಅವಧಿಯಲ್ಲಿ ಬಹಳಷ್ಟು ಬದಲಾಗಿದೆ. ಹಿಂದೆ ಬೇಸಿಗೆಯ ರಜೆಯೆಂದರೆ ಊರಿಗೆ ಹೋಗಿ ಹಿರಿಯರನ್ನು ಕಂಡು, ಒಂದೆರಡು ಮದುವೆ ಮುಂಜಿಗಳನ್ನು ಮುಗಿಸಿಕೊಂಡು, ಉಪ್ಪಿನಕಾಯಿ ಹಪ್ಪಳಗಳ ಡಬ್ಬಗಳೊಡನೆ ಹಿಂದಿರುಗುವುದೆಂದೇ ಅರ್ಥವಾಗಿತ್ತು. ಇಂದು ಮುನಿರ್ಕಾದ ಡಿ.ಡಿ.ಎ. ವಸತಿಗಳಲ್ಲಿ ಬೆಳೆದ ಮಕ್ಕಳೂ, ಮುನಿರ್ಕಾ ಗ್ರಾಮದ ಇಕ್ಕಟ್ಟಾದ ಗಲ್ಲಿಗಳಲ್ಲಿ ಕೋಣೆ ಹಿಡಿದು ವಿಶ್ವವಿದ್ಯಾಲಯದಲ್ಲಿ ಓದುತ್ತಲೋ ಗುರುಗ್ರಾಮದಲ್ಲಿ ದುಡಿಯುತ್ತಲೋ ಇರುವ ತರುಣ ತರುಣಿಯರೂ ರಜೆಯಲ್ಲಿ ಸಮುದ್ರದ ತಳವನ್ನು ಕಂಡು ಬರಲು ಬಯಸುತ್ತಾರೆ. ಮೀನುಗಳ ನಡುವೆ ತೇಲುತ್ತಿರುವ ಗೆಳೆಯರ ಛಾಯಾಚಿತ್ರಗಳು ಅವರ ಆಸೆಯನ್ನು ಹೆಚ್ಚಿಸಿವೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿಯ ನೀರಿಗಿಳಿದುದನ್ನು ಕಂಡ ಮೇಲಂತೂ ಈ ಹವ್ಯಾಸವು ಕನ್ನಡಿಗರಿಗೆ ಹೊರಗಿನದೆಂದು ತೋರುವುದಿಲ್ಲ.

ಈ ಆಸೆಯು ಒಳ್ಳೆಯದೇ. ಆದರೆ ಸ್ಕೂಬಾ ಡೈವಿಂಗ್‌ನ ಪ್ರಾರಂಭಿಕ ಪ್ರಮಾಣಪತ್ರ ತರಬೇತಿಗೆ ಸೇರಿದವರಲ್ಲಿ ಕೆಲವರು ನಡುವೆಯೇ ಒಂದು ವಿಚಿತ್ರ ಮನಃಸ್ಥಿತಿಗೆ ಒಳಗಾಗುತ್ತಾರೆ. ಪುಸ್ತಕದ ಪಾಠವು ಅರ್ಥವಾಗಿರುತ್ತದೆ, ಪರೀಕ್ಷೆಯಲ್ಲಿ ಅಂಕಗಳೂ ಬಂದಿರುತ್ತವೆ. ಆದರೂ ದೋಣಿಯ ಅಂಚಿನಲ್ಲಿ ಕುಳಿತಾಗ ‘ತಾನು ಇದಕ್ಕೆ ಇನ್ನೂ ಸಿದ್ಧನಾಗಿಲ್ಲ’ ಎಂಬ ಮಾತು ಒಳಗಿನಿಂದ ಕೇಳಿಬರುತ್ತದೆ. ಅದನ್ನು ಹೊರಗೆ ಹೇಳಿದರೆ ಸ್ನೇಹಿತರು ನಗುತ್ತಾರೆ. ಮನೆಗೆ ಬಂದು ಹೇಳಿದರೆ ಹಿರಿಯರು ‘ಬೇಡವೆಂದು ಹೇಳಿರಲಿಲ್ಲವೇ’ ಎನ್ನುತ್ತಾರೆ. ಒಂದು ಪಕ್ಷವು ಅದನ್ನು ಹೇಡಿತನವೆಂದೂ ಇನ್ನೊಂದು ಪಕ್ಷವು ಹುಚ್ಚಾಟದ ಫಲವೆಂದೂ ತೀರ್ಮಾನಿಸುತ್ತದೆ. ಇವೆರಡೂ ಸರಿಯಲ್ಲ. ಸಿದ್ಧತೆ ಸಾಲದೆಂಬ ಆ ಅರಿವು ಅನೇಕ ವೇಳೆ ಬುದ್ಧಿಯು ಮಾಡಿಕೊಂಡ ನಿಜವಾದ ಲೆಕ್ಕಾಚಾರವಾಗಿರುತ್ತದೆ. ಅದನ್ನು ಅದುಮುವುದಕ್ಕಿಂತ ಪರಿಶೀಲಿಸುವುದು ಮೇಲು ಎಂಬುದೇ ಈ ಲೇಖನದ ಅಭಿಪ್ರಾಯ.

ವಿಹಾರ ಬೇರೆ, ವಿದ್ಯೆ ಬೇರೆ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು ಹತ್ತು ನಾಟಿಕಲ್ ಮೈಲುಗಳಷ್ಟು ದೂರದಲ್ಲಿ ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಮಾಡುವುದು ಕೇವಲ ಪರಿಚಯಾತ್ಮಕ ಮುಳುಗು. ಅದರಲ್ಲಿ ಶಿಕ್ಷಕನು ಪ್ರವಾಸಿಯನ್ನು ಕೈಯಿಂದ ಹಿಡಿದುಕೊಂಡೇ ಇರುತ್ತಾನೆ. ಗಾಳಿಯ ಮಾಪಕವನ್ನು ನೋಡುವವನೂ, ತೇಲುಜಾಕೆಟ್ಟಿನ ಗುಂಡಿ ಒತ್ತುವವನೂ, ಮೇಲೆ ಕರೆತರುವವನೂ ಅವನೇ. ಈಜು ಬಾರದವರೂ ಇದರಲ್ಲಿ ಪಾಲ್ಗೊಳ್ಳುತ್ತಾರೆ. ಒಟ್ಟಿನಲ್ಲಿ ಇದು ಹಿಂದಿನ ಸೀಟಿನಲ್ಲಿ ಕುಳಿತು ಊರು ನೋಡುವಂತಹ ಕಾರ್ಯ.

ಪ್ರಮಾಣಪತ್ರದ ತರಬೇತಿಯಾದರೋ ಚಾಲಕನ ಸ್ಥಾನದಲ್ಲಿ ಕುಳ್ಳಿರಿಸುವಂತಹುದು. 1966ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ ‘ಪ್ಯಾಡಿ’ ಸಂಸ್ಥೆಯ ಪದ್ಧತಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ‘ಓಪನ್ ವಾಟರ್’ ತರಬೇತಿಯಲ್ಲಿ ಐದು ಭಾಗಗಳ ಪಾಠ, ಈಜುಕೊಳದಂತಹ ಸುರಕ್ಷಿತ ನೀರಿನಲ್ಲಿ ಐದು ಅಭ್ಯಾಸಗಳು ಮತ್ತು ತೆರೆದ ನೀರಿನಲ್ಲಿ ನಾಲ್ಕು ಮುಳುಗುಗಳು ಇರುತ್ತವೆ. ಅಭ್ಯರ್ಥಿಯು 200 ಮೀಟರು ದೂರವನ್ನು ನಿಲ್ಲದೆ ಈಜಬೇಕು ಅಥವಾ ಮಾಸ್ಕ್, ಫಿನ್ ಮತ್ತು ಸ್ನಾರ್ಕೆಲ್ ಧರಿಸಿ 300 ಮೀಟರು ಈಜಬೇಕು; ಹತ್ತು ನಿಮಿಷ ಆಸರೆಯಿಲ್ಲದೆ ತೇಲಬೇಕು. ತೇರ್ಗಡೆಯಾದವನು ತನ್ನಷ್ಟೇ ಅನುಭವವುಳ್ಳ ಜೊತೆಗಾರನೊಬ್ಬನೊಡನೆ, ಶಿಕ್ಷಕನ ನೆರವಿಲ್ಲದೆ, 18 ಮೀಟರು ಆಳದವರೆಗೆ ಇಳಿಯಲು ಅರ್ಹನೆನಿಸುತ್ತಾನೆ. ಹದಿನೆಂಟು ಮೀಟರೆಂದರೆ ಸುಮಾರು ಆರು ಅಂತಸ್ತುಗಳ ಕಟ್ಟಡದ ಎತ್ತರ. ಅಷ್ಟು ನೀರು ತಲೆಯ ಮೇಲಿರುವಾಗ ತನ್ನ ಜೀವಕ್ಕೂ ಜೊತೆಗಾರನ ಜೀವಕ್ಕೂ ಹೊಣೆಯಾಗಬಲ್ಲೆನೆಂದು ಆ ಪತ್ರವು ಸಾರುತ್ತದೆ.

ಇಷ್ಟು ದೊಡ್ಡ ಹೊಣೆಯನ್ನು ಹೊರಿಸುವ ಈ ತರಬೇತಿಯು ಸಾಮಾನ್ಯವಾಗಿ ಮೂರು ನಾಲ್ಕು ದಿನಗಳಲ್ಲಿ ಮುಗಿಯುತ್ತದೆ. ಪಾಠಗಳನ್ನು ಮನೆಯಲ್ಲಿಯೇ ಗಣಕಯಂತ್ರದಲ್ಲಿ ಓದಿಕೊಂಡು ಹೋಗುವ ಸೌಲಭ್ಯವೂ ಇದೆ. ನೀರಿನ ಒಡನಾಟದಲ್ಲಿ ಬೆಳೆದವರಿಗೆ ಈ ಅವಧಿಯು ಸಾಲಬಹುದು. ಆದರೆ ಬಯಲುಸೀಮೆಯಿಂದ ಬಂದು, ಸಾಗರತೀರದಿಂದ ಬಹುದೂರದ ಮಹಾನಗರದಲ್ಲಿ ಬದುಕುತ್ತಿರುವವರಿಗೂ ಅದೇ ನಾಲ್ಕು ದಿನಗಳು ಸಾಲುತ್ತವೆಯೆಂದು ತಿಳಿಯುವುದು ಸಮಂಜಸವಲ್ಲ. ಹಳ್ಳಿಯ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿಯುತ್ತಿದ್ದ ಕಾಲವೊಂದಿತ್ತು. ಮಹಾನಗರದಲ್ಲಿ ಹುಟ್ಟಿ ಬೆಳೆದವರಿಗೆ ಆ ಭಾಗ್ಯವಿಲ್ಲ. ಯಮುನೆಯು ಹತ್ತಿರದಲ್ಲಿದ್ದರೂ ಅದರಲ್ಲಿ ಈಜುವ ಸ್ಥಿತಿಯಿಲ್ಲ.

ಮುನಿರ್ಕಾಕ್ಕೆ ಹೊಂದಿಕೊಂಡಂತಿರುವ ರಾಮಕೃಷ್ಣಪುರದ ಐದನೆಯ ಸೆಕ್ಟರಿನಲ್ಲಿ ಲೋದಿ ಅರಸರ ಕಾಲದ ಒಂದು ಬಾವಡಿಯಿದೆ. ಕರ್ನಾಟಕದ ದೇವಾಲಯಗಳ ಪುಷ್ಕರಣಿಗಳಂತೆಯೇ ಅದರಲ್ಲಿಯೂ ನೀರಿನ ಬಳಿಗೆ ಹೋಗಬೇಕಾದರೆ ಒಂದೊಂದೇ ಮೆಟ್ಟಿಲನ್ನು ಇಳಿಯಬೇಕು. ಕಟ್ಟಿದವರು ನೀರಿಗೆ ತೋರಿದ ಗೌರವವೆಂದೇ ಇದನ್ನು ತಿಳಿಯಬಹುದು. ಈ ತರಬೇತಿಯ ಕ್ರಮವೂ ವಸ್ತುತಃ ಅಂತಹುದೇ: ಮೊದಲು ಪಾಠ, ಆಮೇಲೆ ಕೊಳ, ಕೊನೆಗೆ ಸಮುದ್ರ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಕಾಲು ಗಟ್ಟಿಯಾಗಿ ಊರುವಷ್ಟು ಸಮಯವು ದೊರೆಯುತ್ತದೆಯೇ ಎಂಬುದೇ ಪ್ರಶ್ನೆ.

ಶರೀರದ ಮೇಲಾಗುವ ಪರಿಣಾಮ

ಭೂಮಿಯ ಮೇಲೆ ಮನುಷ್ಯನ ಶರೀರವು ಒಂದು ವಾಯುಮಂಡಲದ ಒತ್ತಡಕ್ಕೆ ಹೊಂದಿಕೊಂಡಿದೆ. ಸಮುದ್ರದಲ್ಲಿ ಪ್ರತಿ ಹತ್ತು ಮೀಟರು ಇಳಿದಂತೆಲ್ಲ ಇನ್ನೊಂದು ವಾಯುಮಂಡಲದಷ್ಟು ಒತ್ತಡವು ಕೂಡಿಕೊಳ್ಳುತ್ತದೆ. ಹತ್ತು ಮೀಟರಿನಲ್ಲಿ ಅದು ಎರಡರಷ್ಟು, ಇಪ್ಪತ್ತರಲ್ಲಿ ಮೂರರಷ್ಟು. ಒತ್ತಡವು ಇಮ್ಮಡಿಯಾದಾಗ ಗಾಳಿಯ ಗಾತ್ರವು ಅರ್ಧಕ್ಕಿಳಿಯುತ್ತದೆಯೆಂಬ ಬಾಯ್ಲ್‌ನ ನಿಯಮವನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಅತ್ಯಂತ ತೀವ್ರವಾದ ಬದಲಾವಣೆಯಾಗುವುದು ಮೊದಲ ಹತ್ತು ಮೀಟರುಗಳಲ್ಲಿಯೇ. ಎಂದರೆ, ಹೊಸಬನು ಅಭ್ಯಾಸ ಮಾಡುವ ಕಡಿಮೆ ಆಳವು ಶರೀರದ ದೃಷ್ಟಿಯಿಂದ ಸುಲಭವಾದ ಆಳವಲ್ಲ.

ಇದರ ಪ್ರಥಮ ಅನುಭವವಾಗುವುದು ಕಿವಿಗೆ. ತಮಟೆಯ ಹಿಂದಿರುವ ಗಾಳಿಯು ಕುಗ್ಗಿ ತಮಟೆಯು ಒಳಗೆ ಎಳೆಯಲ್ಪಡುತ್ತದೆ. ಮೂಗನ್ನು ಹಿಡಿದು ಮೆಲ್ಲನೆ ಊದಿ, ಗಂಟಲಿನಿಂದ ಕಿವಿಗೆ ಹೋಗುವ ನಾಳದ ಮೂಲಕ ಗಾಳಿಯನ್ನು ಕಳುಹಿಸಿ ಇದನ್ನು ಸರಿದೂಗಿಸಬೇಕು. ನೋವು ಪ್ರಾರಂಭವಾಗುವ ಮೊದಲೇ, ಪದೇ ಪದೇ ಹೀಗೆ ಮಾಡಬೇಕು. ನೋವು ಬಂದರೆ ಸ್ವಲ್ಪ ಮೇಲೇರಿ ಪುನಃ ಯತ್ನಿಸಬೇಕು. ಗುಂಪು ಕೆಳಗಿಳಿಯುತ್ತಿದೆಯೆಂದು ನೋವನ್ನು ಸಹಿಸಿಕೊಂಡು ಇಳಿದವನ ತಮಟೆಯು ಹರಿಯಬಹುದು.

ಎರಡನೆಯದು ಶ್ವಾಸಕೋಶ. ಹತ್ತು ಮೀಟರು ಆಳದಲ್ಲಿ ಸಿಲಿಂಡರಿನಿಂದ ತುಂಬು ಉಸಿರನ್ನೆಳೆದು, ಅದನ್ನು ಬಿಗಿಹಿಡಿದುಕೊಂಡೇ ಮೇಲೇರಿದರೆ ಆ ಗಾಳಿಯು ಇಮ್ಮಡಿಯಾಗಲು ಹವಣಿಸುತ್ತದೆ. ಶ್ವಾಸಕೋಶವು ಅಷ್ಟು ಹಿಗ್ಗಲಾರದು. ಈಜುಕೊಳದ ಆಳದಿಂದ ಹೀಗೆ ಏರಿದರೂ ಅಪಾಯವುಂಟು. ಆದುದರಿಂದಲೇ ಈ ವಿದ್ಯೆಯ ಮೊದಲ ನಿಯಮವು ಉಸಿರನ್ನು ಎಂದಿಗೂ ಕಟ್ಟಬಾರದೆಂಬುದು. ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತ ದುರ್ಯೋಧನನ ಕಥೆಯನ್ನು ಕೇಳಿ ಬೆಳೆದವರಿಗೆ ನೀರಿನೊಳಗಿರುವುದೆಂದರೆ ಉಸಿರು ಬಿಗಿಹಿಡಿಯುವುದೆಂಬ ಭಾವನೆಯು ಸಹಜ. ಆಪತ್ತಿನ ಕ್ಷಣದಲ್ಲಿ ಶರೀರವು ತಾನಾಗಿ ಮಾಡುವುದೂ ಅದನ್ನೇ. ಈ ಸಹಜ ಪ್ರವೃತ್ತಿಯನ್ನು ತಿದ್ದುವುದು ಪುಸ್ತಕದಿಂದ ಆಗದು. ಅಭ್ಯಾಸದಿಂದ ಮಾತ್ರ ಸಾಧ್ಯ.

ಮೂರನೆಯದು ಗಾಳಿಯ ಆಯವ್ಯಯ. ಹನ್ನೊಂದು ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯು ಸುಮಾರು 2,200 ಲೀಟರುಗಳಾಗುತ್ತದೆ. ಇದರಲ್ಲಿ 50 ಬಾರ್, ಅಂದರೆ 550 ಲೀಟರುಗಳನ್ನು ಮುಟ್ಟದ ಮೀಸಲು ನಿಧಿಯೆಂದು ಬಿಟ್ಟರೆ ಖರ್ಚಿಗೆ ಉಳಿಯುವುದು 1,650 ಲೀಟರು. ಶಾಂತವಾಗಿರುವ ವ್ಯಕ್ತಿಯು ನೀರಿನ ಮೇಲೆ ನಿಮಿಷಕ್ಕೆ 20 ಲೀಟರು ಗಾಳಿಯನ್ನು ಉಸಿರಾಡುತ್ತಾನೆಂದು ಇಟ್ಟುಕೊಂಡರೆ, ಹತ್ತು ಮೀಟರು ಆಳದಲ್ಲಿ ಆ ಖರ್ಚು 40 ಲೀಟರಾಗಿ, ನಿಧಿಯು 41 ನಿಮಿಷ ಬಾಳುತ್ತದೆ. ಅದೇ ವ್ಯಕ್ತಿಯು ಗಾಬರಿಯಿಂದ ಇಮ್ಮಡಿ ವೇಗದಲ್ಲಿ ಉಸಿರಾಡಿದರೆ ಇಪ್ಪತ್ತು ನಿಮಿಷಗಳಲ್ಲಿ ಬೊಕ್ಕಸ ಬರಿದು. ಆದುದರಿಂದ ಸಿದ್ಧತೆಯ ಕೊರತೆಯು ಕೇವಲ ಮನಸ್ಸಿನ ವಿಷಯವಲ್ಲ. ಅದು ಸಿಲಿಂಡರಿನ ಮಾಪಕದಲ್ಲಿಯೂ ಕಾಣಿಸುತ್ತದೆ.

ಇನ್ನು ನಾಲ್ಕನೆಯದಾಗಿ, ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗಿ ಸೇರುತ್ತದೆ. ಇದು ಶರೀರವು ಮಾಡಿದ ಸಾಲ. ನಿಧಾನವಾಗಿ ಮೇಲೇರುತ್ತ ಕಂತುಗಳಲ್ಲಿ ತೀರಿಸಬೇಕು. ಅವಸರದಿಂದ ಏರಿದರೆ ಅದು ಗುಳ್ಳೆಗಳಾಗಿ ಕೀಲುಗಳನ್ನೂ ನರಗಳನ್ನೂ ಬಾಧಿಸುತ್ತದೆ. ಫ್ರಾನ್ಸಿನ ಪಾಲ್ ಬೇರ್ ಅವರು 1878ರಲ್ಲಿ ಇದರ ಕಾರಣವನ್ನು ಪ್ರತಿಪಾದಿಸಿದರು. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಅವರು 1908ರಲ್ಲಿ ಹಂತ ಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಪ್ರಕಟಿಸಿದರು. ಇಂದು ಮಿನಿಟಿಗೆ ಸುಮಾರು ಒಂಬತ್ತು ಮೀಟರಿಗಿಂತ ವೇಗವಾಗಿ ಏರಬಾರದೆಂದೂ, ಐದು ಮೀಟರು ಆಳದಲ್ಲಿ ಮೂರು ನಿಮಿಷ ನಿಲ್ಲುವುದು ಒಳ್ಳೆಯದೆಂದೂ ಬೋಧಿಸಲಾಗುತ್ತದೆ. ಗಾಬರಿಗೊಂಡವನು ಮರೆಯುವುದು ಮೊದಲು ಇದನ್ನೇ.

ಅಂಜಿಕೆ ಮತ್ತು ಕೊರತೆ

‘ಯಾರೂ ಹುಟ್ಟುತ್ತಲೇ ಸಿದ್ಧರಾಗಿರುವುದಿಲ್ಲ, ನೀರಿಗಿಳಿಯದೆ ಈಜು ಬಾರದು’ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಅಂಜಿಕೆಯು ಸಂಪೂರ್ಣವಾಗಿ ಅಳಿದ ಮೇಲೆಯೇ ಹೊಸದನ್ನು ಆರಂಭಿಸುತ್ತೇನೆಂದವನು ಯಾವುದನ್ನೂ ಆರಂಭಿಸಲಾರ. ಜಗತ್ತಿನಾದ್ಯಂತ ಲಕ್ಷಾಂತರ ಮಂದಿ ಇದೇ ತರಬೇತಿಯನ್ನು ಸುರಕ್ಷಿತವಾಗಿ ಮುಗಿಸಿದ್ದಾರೆಂಬುದೂ ಸತ್ಯ. ಹಾಗಿದ್ದಲ್ಲಿ ಯಾವ ಅಳುಕನ್ನು ಕಡೆಗಣಿಸಬೇಕು, ಯಾವುದಕ್ಕೆ ಕಿವಿಗೊಡಬೇಕು?

ಇದಕ್ಕೆ ಉತ್ತರವು ತರಬೇತಿಯ ನಿಯಮಗಳಲ್ಲಿಯೇ ಅಡಗಿದೆ. ಅಭ್ಯರ್ಥಿಯು ಒಂದು ಕೌಶಲವನ್ನು ಒಮ್ಮೆ ಹೇಗೋ ಮಾಡಿ ಮುಗಿಸಿದರೆ ಸಾಲದು. ಹೊಸಬನೊಬ್ಬನಿಂದ ನಿರೀಕ್ಷಿಸಬಹುದಾದಷ್ಟು ನಿರಾಯಾಸವಾಗಿ, ತಡವರಿಸದೆ, ಮತ್ತೆ ಮತ್ತೆ ಮಾಡಬಲ್ಲವನಾಗಬೇಕೆಂಬುದು ಈ ಸಂಸ್ಥೆಗಳೇ ಹಾಕಿಕೊಂಡಿರುವ ಅಳತೆಗೋಲು. ನೀರಿನಡಿಯಲ್ಲಿ ಮಾಸ್ಕಿನೊಳಗೆ ತುಂಬಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಹುಡುಕಿ ಪುನಃ ಧರಿಸುವುದು, ಗಾಳಿ ಮುಗಿದಾಗ ಜೊತೆಗಾರನ ಹೆಚ್ಚುವರಿ ರೆಗ್ಯುಲೇಟರಿನಿಂದ ಉಸಿರಾಡುವುದು, ತಳವನ್ನು ಮುಟ್ಟದೆ ಮೇಲಕ್ಕೂ ಏರದೆ ಒಂದೇ ಮಟ್ಟದಲ್ಲಿ ತೇಲುವುದು: ಇವು ಮೂಲ ಕೌಶಲಗಳು. ಇವುಗಳನ್ನು ಶಿಕ್ಷಕನು ಎದುರಿಗೆ ಕುಳಿತು ಸನ್ನೆ ಮಾಡಿದಾಗ ಒಮ್ಮೆ ಮಾಡಿದುದಾಗಿ, ಇನ್ನೊಮ್ಮೆ ಹೇಳದೆ ಕೇಳದೆ ಮಾಡಬಲ್ಲೆನೆಂಬ ಭರವಸೆಯಿಲ್ಲದಿದ್ದರೆ, ಅದು ಕೊರತೆ. ಇವೆಲ್ಲವನ್ನೂ ನಾಲ್ಕಾರು ಬಾರಿ ಸರಿಯಾಗಿ ಮಾಡಿದ ಮೇಲೆಯೂ ಸಮುದ್ರದ ನೀಲಿಯನ್ನು ಕಂಡಾಗ ಎದೆ ಬಡಿದುಕೊಂಡರೆ, ಅದು ಅಂಜಿಕೆ. ಅಂಜಿಕೆಗೆ ಸಮಾಧಾನ ಹೇಳಬಹುದು. ಕೊರತೆಗೆ ಸಮಾಧಾನವು ಔಷಧವಲ್ಲ. ಇನ್ನಷ್ಟು ಅಭ್ಯಾಸವೇ ಔಷಧ.

ಇವೆರಡನ್ನೂ ಒಂದೇ ಎಂದು ತಿಳಿದು ‘ಏನೂ ಆಗುವುದಿಲ್ಲ, ಬಾ’ ಎಂದು ಬೆನ್ನು ತಟ್ಟುವುದರಲ್ಲಿ ದೋಷವಿದೆ. ಮೇಲೆ ಹೇಳಿದ ಹಾಲ್ಡೇನರ ಮನೆಯಲ್ಲಿಯೇ ಇದಕ್ಕೊಂದು ನಿದರ್ಶನವಿದೆ. 1906ರಲ್ಲಿ ಸ್ಕಾಟ್ಲೆಂಡಿನ ತೀರದಲ್ಲಿ ನೌಕಾದಳಕ್ಕಾಗಿ ಪ್ರಯೋಗಗಳನ್ನು ನಡೆಸುತ್ತಿದ್ದಾಗ ಅವರು ಹದಿಮೂರು ವರ್ಷದ ತಮ್ಮ ಮಗನನ್ನೂ ನೀರಿಗಿಳಿಸಿದರು. ಹುಡುಗನಿಗೆ ಧೈರ್ಯದ ಕೊರತೆಯಿರಲಿಲ್ಲ. ಆದರೆ ತೊಡಿಸಿದ ಉಡುಪು ದೊಡ್ಡವರ ಅಳತೆಯದಾಗಿದ್ದು, ಮಣಿಕಟ್ಟಿನ ಬಳಿ ಬಿಗಿಯಾಗದೆ ಒಳಗೆ ನೀರು ತುಂಬತೊಡಗಿತು. ಬಾಲಕನು ಧೃತಿಗೆಡದೆ ಮೇಲೆ ಬಂದು ಬದುಕಿಕೊಂಡನು. ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಪ್ರಸಿದ್ಧ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಆತನೇ. ಧೈರ್ಯವು ಅಳತೆ ತಪ್ಪಿದ ಉಡುಪನ್ನು ಸರಿಪಡಿಸಲಾರದೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಇಂದಿನ ಹೊಸಬನಿಗೂ ಮಾಸ್ಕಿನ ಅಂಚು ಮುಖಕ್ಕೆ ಕೂಡದಿದ್ದರೆ, ಜಾಕೆಟ್ಟು ಸಡಿಲವಾಗಿದ್ದರೆ, ಆಗುವ ತಳಮಳದ ಕಾರಣವು ಮನಸ್ಸಿನಲ್ಲಿಲ್ಲ, ಸಲಕರಣೆಯಲ್ಲಿದೆ.

ಬಾಯಿಬಿಡಲು ಸಂಕೋಚವೇಕೆ?

ಕೊರತೆಯನ್ನು ಅರಿತವನೂ ಅದನ್ನು ಹೇಳಿಕೊಳ್ಳದಿರಲು ಹಲವು ಕಾರಣಗಳಿವೆ. ಶುಲ್ಕವನ್ನು ಮುಂಗಡವಾಗಿ ಕಟ್ಟಲಾಗಿದೆ. ದೆಹಲಿಗೆ ಹಿಂದಿರುಗುವ ಟಿಕೆಟ್ಟು ನಿಗದಿಯಾಗಿದೆ. ಕಚೇರಿಯ ರಜೆ ಸೋಮವಾರಕ್ಕೆ ಮುಗಿಯುತ್ತದೆ. ತಾನೊಬ್ಬನು ತಡಮಾಡಿದರೆ ಗುಂಪಿನವರೆಲ್ಲರೂ ಕಾಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ‘ನಾಲ್ಕು ಜನ ಏನೆಂದುಕೊಂಡಾರು’ ಎಂಬ ಹಳೆಯ ಹೆದರಿಕೆ. ತರಗತಿಯಲ್ಲಿ ಕೈಯೆತ್ತಿ ‘ಅರ್ಥವಾಗಲಿಲ್ಲ’ ಎನ್ನುವುದು ಗುರುಗಳಿಗೆ ಅಗೌರವವೆಂದು ಭಾವಿಸಿ ಬೆಳೆದವರು ಇಪ್ಪತ್ತೈದನೆಯ ವಯಸ್ಸಿನಲ್ಲಿ ದೋಣಿಯ ಮೇಲೆ ಕೈಯೆತ್ತುವುದು ಕಷ್ಟವೇ ಸರಿ. ಹುಡುಗರಾದರೆ ಪೌರುಷದ ಪ್ರಶ್ನೆಯೂ ಸೇರುತ್ತದೆ. ಹುಡುಗಿಯರಾದರೆ ‘ಹೆಣ್ಣುಮಕ್ಕಳಿಂದ ಇದೆಲ್ಲ ಆಗದು’ ಎಂಬ ಮಾತಿಗೆ ಅವಕಾಶ ಕೊಡಬಾರದೆಂಬ ಹಟ ಸೇರುತ್ತದೆ.

ಬ್ಯಾಂಕಿನಲ್ಲಿ ದಿನದ ಕೊನೆಗೆ ನಗದು ತಾಳೆಯಾಗದಿದ್ದಾಗ ಕ್ಯಾಷಿಯರನು ಅದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಅದು ಅಪರಾಧ. ತಾಳೆಯಾಗಲಿಲ್ಲವೆಂದು ಮೇಲಧಿಕಾರಿಗೆ ತಿಳಿಸಿ, ಮತ್ತೊಮ್ಮೆ ಎಣಿಸುವುದು ಕೆಲಸದ ಒಂದು ಭಾಗವೆಂದೇ ಎಲ್ಲರೂ ತಿಳಿಯುತ್ತಾರೆ. ನೀರಿನ ಶಿಕ್ಷಣದಲ್ಲಿಯೂ ಇದೇ ಸಂಪ್ರದಾಯ ಬೇಕು. ಈ ಕ್ರೀಡೆಯಲ್ಲಿ ಯಾರೇ ಆದರೂ, ಯಾವ ಕ್ಷಣದಲ್ಲಾದರೂ, ಕಾರಣ ಹೇಳದೆಯೇ ಮುಳುಗನ್ನು ಕೈಬಿಡಬಹುದೆಂಬುದು ಬಹುಕಾಲದಿಂದ ಒಪ್ಪಿತವಾದ ಮರ್ಯಾದೆ. ನೀರಿನಡಿಯಲ್ಲಿ ಹೆಬ್ಬೆರಳನ್ನು ಮೇಲಕ್ಕೆತ್ತಿದರೆ ‘ಭೇಷ್’ ಎಂದರ್ಥವಲ್ಲ. ‘ಮೇಲಕ್ಕೆ ಹೋಗೋಣ’ ಎಂದರ್ಥ. ಆ ಸನ್ನೆಗೆ ಎದುರು ಸನ್ನೆಯಿಂದ ವಾದಿಸುವಂತಿಲ್ಲ. ಹೊಸಬರಿಗೆ ಕಲಿಸುವ ಸನ್ನೆಗಳಲ್ಲಿ ಇದಕ್ಕಿಂತ ಅಮೂಲ್ಯವಾದುದು ಇನ್ನೊಂದಿಲ್ಲ.

ಹಣವನ್ನು ಕಳೆದುಕೊಳ್ಳುವೆನೆಂಬ ಭಯಕ್ಕೆ ಸಂಬಂಧಿಸಿದಂತೆ ಒಂದು ಮಾತು. ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ತಿಳಿದಿರುವಂತೆ, ಈಗಾಗಲೇ ಖರ್ಚಾಗಿ ಹಿಂದಿರುಗಿ ಬಾರದ ಹಣವನ್ನು ಮುಂದಿನ ನಿರ್ಧಾರದ ತಕ್ಕಡಿಯಲ್ಲಿ ಇಡಬಾರದು. ಕಟ್ಟಿದ ಶುಲ್ಕಕ್ಕಾಗಿ ಜೀವವನ್ನು ಒತ್ತೆಯಿಡುವುದು ಯಾವ ಲೆಕ್ಕದಿಂದಲೂ ಲಾಭವಲ್ಲ. ಸೇರುವ ಮೊದಲೇ ‘ನಿಗದಿಯಾದ ದಿನಗಳಲ್ಲಿ ಕೌಶಲ ಬಾರದಿದ್ದರೆ ಹೆಚ್ಚುವರಿ ಅಭ್ಯಾಸ ದೊರೆಯುವುದೇ, ಅದರ ವೆಚ್ಚವೆಷ್ಟು, ಒಬ್ಬ ಶಿಕ್ಷಕನಿಗೆ ಎಷ್ಟು ಮಂದಿ ಶಿಷ್ಯರು’ ಎಂದು ಕೇಳಿಕೊಳ್ಳುವುದು ಬುದ್ಧಿವಂತಿಕೆ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಕಡೆ ಸೇರದಿರುವುದು ಇನ್ನೂ ದೊಡ್ಡ ಬುದ್ಧಿವಂತಿಕೆ.

ವೈದ್ಯಕೀಯ ಪತ್ರದ ಸತ್ಯ

ತರಬೇತಿಗೆ ಮುನ್ನ ತುಂಬಬೇಕಾದ ಆರೋಗ್ಯದ ಪ್ರಶ್ನಾವಳಿಯು ಒಂದಿದೆ. ಆಸ್ತಮಾ, ಹೃದ್ರೋಗ, ಅಪಸ್ಮಾರ, ಕಿವಿಯ ಅಥವಾ ಸೈನಸ್ಸಿನ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭಧಾರಣೆ ಮೊದಲಾದವುಗಳನ್ನು ಅದರಲ್ಲಿ ಕೇಳಿರುತ್ತದೆ. ಇಂತಹುದಕ್ಕೆ ‘ಹೌದು’ ಎಂದರೆ ವೈದ್ಯರ ಒಪ್ಪಿಗೆ ಬೇಕಾಗುತ್ತದೆ. ಆದುದರಿಂದ ಎಲ್ಲಕ್ಕೂ ‘ಇಲ್ಲ’ ಎಂದು ಬರೆದು ಸಹಿ ಹಾಕುವ ಪ್ರಲೋಭನೆಯು ಸಹಜ. ಜೀವವಿಮೆಯ ಪ್ರಸ್ತಾವನಾ ಪತ್ರದಲ್ಲಿ ಸತ್ಯವನ್ನು ಮರೆಮಾಚಿದರೆ ಆಗುವ ನಷ್ಟವು ಹಣದ್ದು. ಇಲ್ಲಿ ಆಗಬಹುದಾದುದನ್ನು ಹಣದಲ್ಲಿ ಅಳೆಯಲು ಬಾರದು.

ದೆಹಲಿಯ ನಿವಾಸಿಗಳಿಗೆ ಈ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ನಗರವನ್ನು ಕವಿಯುವ ಹೊಗೆಮಂಜಿನಿಂದ ಮೂಗು ಕಟ್ಟುವುದೂ, ಸೈನಸ್ಸಿನ ನೋವೂ, ಕೆಮ್ಮು ದಮ್ಮುಗಳೂ ಮನೆಮನೆಯಲ್ಲಿವೆ. ಮೂಗು ಕಟ್ಟಿದ್ದಾಗ ಕಿವಿಗೆ ಗಾಳಿಯು ತಲುಪುವುದಿಲ್ಲ. ಔಷಧದಿಂದ ತಾತ್ಕಾಲಿಕವಾಗಿ ಮೂಗನ್ನು ತೆರೆಯಿಸಿಕೊಂಡು ಇಳಿದರೆ, ನೀರಿನಡಿಯಲ್ಲಿ ಅದರ ಪ್ರಭಾವವು ಮುಗಿದು, ಏರುವಾಗ ಗಾಳಿಯು ಒಳಗೆ ಸಿಕ್ಕಿಬೀಳಬಹುದು. ನೆಗಡಿಯಿದ್ದ ದಿನ ನೀರಿಗಿಳಿಯದಿರುವುದೇ ಕ್ಷೇಮ. ನಲವತ್ತೈದು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹವಿರುವವರು, ಪ್ರಶ್ನಾವಳಿಯ ಒತ್ತಾಯವಿಲ್ಲದಿದ್ದರೂ ವೈದ್ಯರನ್ನು ಕಂಡೇ ಹೊರಡಬೇಕು.

ವಿಮಾನಪ್ರಯಾಣವೂ ಇನ್ನೊಂದು ಅಂಶ. ಶರೀರದಲ್ಲಿ ಉಳಿದ ಸಾರಜನಕವು ವಿಮಾನದ ಕಡಿಮೆ ಒತ್ತಡದಲ್ಲಿ ತೊಂದರೆ ಕೊಡಬಲ್ಲದು. ಒಂದೇ ಮುಳುಗಾದರೆ ಕನಿಷ್ಠ 12 ಗಂಟೆ, ಹಲವಾರು ಮುಳುಗುಗಳಾದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ತಜ್ಞರ ಸಲಹೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ, ಸಂಜೆ ಮಂಗಳೂರಿನಿಂದಲೋ ಗೋವೆಯಿಂದಲೋ ದೆಹಲಿಯ ವಿಮಾನ ಹತ್ತುವ ಯೋಜನೆಯು ಈ ದೃಷ್ಟಿಯಿಂದ ಸಲ್ಲದು. ಕೊಂಕಣ ರೈಲುಮಾರ್ಗವಾಗಿ ನಿಜಾಮುದ್ದೀನಿಗೆ ಹಿಂದಿರುಗುವವರಿಗೆ ವಿಮಾನದ ಈ ಚಿಂತೆಯಿಲ್ಲ.

ಮಾಡಬಹುದಾದುದೇನು?

ಪ್ರಕೃತಿಯೇ ದೆಹಲಿಯ ಕನ್ನಡಿಗರಿಗೆ ಒಂದು ಅನುಕೂಲವಾದ ಪಂಚಾಂಗವನ್ನು ಒದಗಿಸಿದೆ. ರಾಜಧಾನಿಯ ತೆರೆದ ಈಜುಕೊಳಗಳಲ್ಲಿ ಹೆಚ್ಚಿನವು ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೆ ನಡೆದು, ಚಳಿಗಾಲದಲ್ಲಿ ಮುಚ್ಚುತ್ತವೆ. ಕರಾವಳಿಯಲ್ಲಿ ಇದಕ್ಕೆ ವಿರುದ್ಧ: ಜೂನ್‌ನಿಂದ ಮುಂಗಾರಿನ ತಿಂಗಳುಗಳಲ್ಲಿ ಸಮುದ್ರಕ್ಕಿಳಿಯುವಂತಿಲ್ಲ, ಮಳೆ ನಿಂತ ಮೇಲೆ ನೀರು ತಿಳಿಯಾಗಿ, ಮುಳುಗುವ ಕಾಲವು ಬರುತ್ತದೆ. ಆದುದರಿಂದ ಏಪ್ರಿಲ್‌ನಿಂದ ಸೆಪ್ಟೆಂಬರಿನವರೆಗೆ ಮುನಿರ್ಕಾದ ಸುತ್ತಮುತ್ತಲಿನ ಕ್ರೀಡಾಸಂಕೀರ್ಣಗಳ ಕೊಳಗಳಲ್ಲಿ ಈಜನ್ನು ರೂಢಿಸಿಕೊಂಡು, ಅಕ್ಟೋಬರಿನಲ್ಲಿ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು, ನಂತರ ಸಮುದ್ರಕ್ಕೆ ಹೋಗುವುದು ಸೂಕ್ತ. ಇನ್ನೂರು ಮೀಟರನ್ನು ಆಯಾಸವಿಲ್ಲದೆ ಈಜಬಲ್ಲವನೂ, ಮುಖವು ನೀರಿನಲ್ಲಿರುವಾಗ ಬಾಯಿಯಿಂದ ಮಾತ್ರ ಉಸಿರಾಡುವುದನ್ನು ಸ್ನಾರ್ಕೆಲ್‌ನ ಸಹಾಯದಿಂದ ರೂಢಿಸಿಕೊಂಡವನೂ, ತರಬೇತಿಯ ಮೊದಲ ದಿನವೇ ಅರ್ಧ ಹಾದಿಯನ್ನು ಕ್ರಮಿಸಿರುತ್ತಾನೆ. ಕೊಳದ ಅಭ್ಯಾಸಕ್ಕೂ ಸಮುದ್ರದ ಮುಳುಗಿಗೂ ನಡುವೆ ಕೆಲವು ವಾರಗಳ ಬಿಡುವಿದ್ದರೆ, ಸಮುದ್ರಕ್ಕಿಳಿಯುವ ಮುನ್ನ ಕೌಶಲಗಳನ್ನು ಪುನಃ ಮಾಡಿ ತೋರಿಸುವುದು ಒಳ್ಳೆಯದು. ಹಿಂದಿನ ವರ್ಷ ಪ್ರಮಾಣಪತ್ರ ಪಡೆದು ನೀರನ್ನೇ ಕಾಣದವರಿಗೂ ಇದು ಅನ್ವಯಿಸುತ್ತದೆ. ಪತ್ರಕ್ಕೆ ಅವಧಿಯಿಲ್ಲದಿರಬಹುದು, ಅಭ್ಯಾಸಕ್ಕೆ ಅವಧಿಯುಂಟು.

ಕನ್ನಡ ಸಂಘಸಂಸ್ಥೆಗಳಿಗೂ ಇಲ್ಲಿ ಒಂದು ಕೆಲಸವಿದೆ. ನಾಡಹಬ್ಬ, ರಾಜ್ಯೋತ್ಸವ, ನಾಟಕ, ಸಂಗೀತಗಳೊಡನೆ ಬೇಸಿಗೆಯಲ್ಲಿ ಮಕ್ಕಳಿಗೂ ಹಿರಿಯರಿಗೂ ಈಜಿನ ಶಿಬಿರವನ್ನು ಏರ್ಪಡಿಸುವುದು ದುಬಾರಿಯ ಕಾರ್ಯವೇನಲ್ಲ. ಸದಸ್ಯರಲ್ಲಿ ವೈದ್ಯರಿದ್ದಾರೆ, ವರ್ಷಕ್ಕೊಮ್ಮೆ ಕಿವಿ, ಮೂಗು, ಹೃದಯಗಳ ತಪಾಸಣೆಯನ್ನು ನಡೆಸಬಹುದು. ಸಮುದ್ರಕ್ಕಿಳಿದು ಬಂದ ತರುಣರನ್ನು ಕರೆದು, ಅವರು ಕಂಡ ಮೀನುಗಳ ಬಗ್ಗೆ ಮಾತ್ರವಲ್ಲದೆ ಅವರು ಪಟ್ಟ ಕಷ್ಟಗಳ ಬಗ್ಗೆಯೂ ಕನ್ನಡದಲ್ಲಿ ಮಾತನಾಡಿಸಬಹುದು. ‘ಮೂರನೆಯ ದಿನ ನಾನು ದೋಣಿಯಲ್ಲಿಯೇ ಉಳಿದೆ’ ಎಂದು ಒಬ್ಬರು ನಿಸ್ಸಂಕೋಚವಾಗಿ ಹೇಳುವುದನ್ನು ಕೇಳಿದರೆ, ಮುಂದಿನ ವರ್ಷ ಹೋಗುವ ಹತ್ತು ಮಂದಿಗೆ ಬಾಯಿಬಿಡುವ ಧೈರ್ಯ ಬರುತ್ತದೆ.

ಹಿರಿಯರು ಮಾಡಬೇಕಾದುದೂ ಇದೆ. ಹೋಗಬೇಡವೆಂದು ತಡೆದರೆ ಮಕ್ಕಳು ಹೇಳದೆ ಹೋಗುತ್ತಾರೆ. ಹೇಳದೆ ಹೋದವರು ಕಷ್ಟವನ್ನೂ ಹೇಳಿಕೊಳ್ಳುವುದಿಲ್ಲ. ಅದರ ಬದಲು, ಈಜು ಬರುತ್ತದೆಯೇ, ವೈದ್ಯರನ್ನು ಕಂಡಾಯಿತೇ, ಒಂದು ದಿನ ಹೆಚ್ಚಾಗಿ ಇಟ್ಟುಕೊಂಡಿದ್ದೀಯಾ ಎಂದು ವಿಚಾರಿಸಿ, ಆ ಒಂದು ದಿನದ ಖರ್ಚನ್ನು ತಾವೇ ಕೊಟ್ಟರೆ ಅದು ನಿಜವಾದ ಆಶೀರ್ವಾದ. ಪ್ರಮಾಣಪತ್ರವಿಲ್ಲದೆ ಹಿಂದಿರುಗಿದ ಮಗನನ್ನೋ ಮಗಳನ್ನೋ ‘ಸರಿಯಾದುದನ್ನೇ ಮಾಡಿದೆ’ ಎಂದು ಬರಮಾಡಿಕೊಳ್ಳುವ ಮನೆಯ ಮಕ್ಕಳು ಮುಂದಿನ ಸಲ ಹೆಚ್ಚು ಸಿದ್ಧತೆಯೊಡನೆ ಹೋಗುತ್ತಾರೆ.

ನೇತ್ರಾಣಿಯ ಸುತ್ತಲಿನ ಹವಳದ ಬಂಡೆಗಳು ಈ ವರ್ಷ ನೋಡಲಾಗದಿದ್ದರೆ ಮುಂದಿನ ವರ್ಷವೂ ಅಲ್ಲಿಯೇ ಇರುತ್ತವೆ. ಕಲಿಯುವವರು ತಮಗೆ ಬೇಕಾದಷ್ಟು ಕಾಲವನ್ನು ಕೇಳಿ ಪಡೆಯಲಿ, ಕಲಿಸುವವರು ಅದನ್ನು ಬೇಸರಿಸದೆ ಕೊಡಲಿ, ಮನೆಯವರು ಅದಕ್ಕೆ ಬೆಂಬಲವಾಗಿ ನಿಲ್ಲಲಿ. ಹಾಗಾದಾಗ ಹೊರನಾಡಿನ ಕನ್ನಡದ ಮಕ್ಕಳು ತಮ್ಮ ನಾಡಿನ ಕಡಲನ್ನು ಆರೋಗ್ಯದಿಂದಲೂ ನೆಮ್ಮದಿಯಿಂದಲೂ ಕಂಡು ಬರುವರೆಂಬುದರಲ್ಲಿ ಸಂದೇಹವಿಲ್ಲ.